ಚೆಂಡಾಡಿ ಹೊಟ್ಟೆ ಹೊರೆಯುವುದು

ಕಕ್ಕಿಂಜೆಯಲ್ಲಿ ಬಸ್ಸಿನಿಂದಿಳಿದು ನೆರಿಯದ ದಾರಿ ಹಿಡಿದಾಗ ಬೆಳಗಿನ ಹತ್ತು ಗಂಟೆ ಕಳೆದಿದ್ದಿತು. ಆದರೂ ಘಟ್ಟದ ನೆತ್ತಿಯ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕಾರ್ತಿಕ ಮಾಸ, ಮಳೆ ಹಿಂದೆಗೆದು ಕೆಲವೇ ದಿನಗಳಾಗಿದ್ದುವು. ದಾರಿಯುದ್ದಕ್ಕೂ ಮನೆಮನೆಯ ಅಂಗಳದಲ್ಲಿ ಅಡಿಕೆ ಹರವಿದ್ದರು. ನನ್ನ ಹಳೆಯ ಸ್ನೇಹಿತರೊಬ್ಬರ ಮನೆಗೆ ನಾನು ಹೊರಟಿದ್ದೆನು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಮುಂದೆ ಅವರ ಮನೆಯಲ್ಲಿ ನನಗೆ ಬೆಲ್ಲ ನೀರು ಸಹ ದೊರೆಯಲಾರದು.

ಅಂಗಳದ ಅಂಚಿನ ಹಲಸಿನ ಮರದಲ್ಲಿ ಒಂದು ವಿಚಿತ್ರವನ್ನು ಕಂಡೆನು. ಅಡಿಕೆ ಹೊರುವ ಕುಕ್ಕೆಯೊಂದರ ತಳವನ್ನು ಕತ್ತರಿಸಿ ತೆಗೆದು, ಅದನ್ನು ಎತ್ತರದಲ್ಲಿ ಮರದ ಕಾಂಡಕ್ಕೆ ಬಿಗಿದು ಕಟ್ಟಿದ್ದರು. ಹಕ್ಕಿ ಗೂಡು ಕಟ್ಟಲೆಂದು ಮಾಡಿದ ಏರ್ಪಾಡೋ ಎಂದು ಕೇಳಿದೆನು. "ಹಕ್ಕಿ ಅಲ್ಲ ಮಾರಾಯ್ರೇ, ಮಗಳು!" ಎಂದರು ಸ್ನೇಹಿತರು. ಆ ಮಾತಿನಲ್ಲಿ ನಗುವೂ ಇದ್ದಿತು, ನಗುವಲ್ಲದುದೂ ಇದ್ದಿತು.

ಮಗಳು ಮಂಗಳೂರಿನ ಕಾಲೇಜೊಂದರಲ್ಲಿ ಕೊನೆಯ ವರ್ಷದ ಪದವಿ ತರಗತಿಯಲ್ಲಿರುವವಳು. ಇಪ್ಪತ್ತೊಂದರ ಪ್ರಾಯ. ತಂದೆಗಿಂತ ಒಂದು ಗೇಣು ಎತ್ತರ. ಊರಿನ ಶಾಲೆಯಲ್ಲಿದ್ದಾಗ ವಾಲಿಬಾಲ್ ಆಡುತ್ತಿದ್ದಳು. ಹಾಸ್ಟೆಲು ಸೇರಿದ ಮೇಲೆ ಅಲ್ಲಿಯ ಶಿಕ್ಷಕರು ಅವಳ ಎತ್ತರವನ್ನು ಕಂಡು ಬಾಸ್ಕೆಟ್‌ಬಾಲ್ ಅಂಗಣಕ್ಕೆ ಎಳೆದುಕೊಂಡು ಹೋದರು. ರಜೆಯಲ್ಲಿ ಮನೆಗೆ ಬಂದಾಗ ಅಭ್ಯಾಸ ತಪ್ಪಬಾರದೆಂದು ಈ ಕುಕ್ಕೆ. ನೆಲದಿಂದ ಕುಕ್ಕೆಯ ಬಾಯಿಗೆ ಹತ್ತು ಅಡಿ. ತಾನೇ ಏಣಿ ಹತ್ತಿ ಟೇಪು ಹಿಡಿದು ಅಳೆದಳಂತೆ. ಸಗಣಿ ಸಾರಿಸಿದ ಅಂಗಳ ಚೆಂಡಿನ ಪೆಟ್ಟಿಗೆ ಚಕ್ಕೆಚಕ್ಕೆಯಾಗಿ ಏಳುತ್ತದೆಂದು ತಾಯಿಯ ದೂರು.

ಬಾಯಾರಿಕೆ ಮುಗಿದು ಎಲೆಯಡಿಕೆಯ ತಟ್ಟೆ ಬಂದಾಗ ನಿಜವಾದ ಸಂಗತಿ ಹೊರಬಿದ್ದಿತು. ರೈಲ್ವೆಯವರು ಕ್ರೀಡಾಳುಗಳಿಗೆಂದು ಮೀಸಲಿಟ್ಟ ಕೆಲಸಗಳಿಗೆ ಅರ್ಜಿ ಹಾಕೆಂದು ಶಿಕ್ಷಕರು ಹುಡುಗಿಗೆ ಹೇಳಿದ್ದಾರೆ. ಆಯ್ಕೆಗೆ ಚೆನ್ನೈಗೆ ಹೋಗಬೇಕು. ಅದೇ ಹೊತ್ತಿನಲ್ಲಿ ಪುತ್ತೂರಿನ ಕಡೆಯಿಂದ ಒಂದು ಸಂಬಂಧವೂ ಬಂದಿದೆ. ಹುಡುಗನಿಗೆ ಬೆಂಗಳೂರಿನಲ್ಲಿ ಉದ್ಯೋಗ. 2019ರ ಆಗಸ್ಟಿನ ನೆರೆಯಲ್ಲಿ ಹೊಳೆ ಉಕ್ಕಿ ಬಂದು ತೋಟದ ಕೆಳಭಾಗವನ್ನು ಮರಳಿನಡಿ ಹೂಳಿಬಿಟ್ಟಿತು. ಉಳಿದ ಮರಗಳಿಗೆ ಈಗ ಎಲೆಚುಕ್ಕೆ ರೋಗ. ಬ್ಯಾಂಕಿನ ಸಾಲ ತೀರಿಲ್ಲ. ಇಂಥ ಸ್ಥಿತಿಯಲ್ಲಿರುವ ತಂದೆಯೊಬ್ಬರು ಕೇಳಿದ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ.

"ಅಲ್ಲ ಮಾರಾಯ್ರೇ, ನೀವು ನಾಲ್ಕು ಓದಿದವರು. ಹೆಣ್ಣುಮಕ್ಕಳು ಚೆಂಡು ಆಡಿ ಹೊಟ್ಟೆ ಹೊರೆದದ್ದು ಎಲ್ಲಿಯಾದರೂ ಉಂಟಾ?"

ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಒಂದೇ ಮಾತು ಹೇಳಿದಳು: "ಮಾವ, ಕ್ರಿಕೆಟ್ ಆಗಿದ್ದರೆ ಅಪ್ಪ ಹೀಗೆ ಕೇಳುತ್ತಿರಲಿಲ್ಲ."

ಅಂದು ನಾನು ಉತ್ತರ ಕೊಡಲಿಲ್ಲ. ಹದಿನೈದು ದಿನಗಳ ಅವಧಿ ಕೇಳಿ ಮರಳಿದೆನು. ಆ ಹದಿನೈದು ದಿನಗಳಲ್ಲಿ ಕೂಡಿಸಿಕೊಂಡ ಸಂಗತಿಗಳನ್ನೇ ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ನೆರಿಯದ ಆ ಪ್ರಶ್ನೆ ಇನ್ನೂ ಹಲವು ಮನೆಗಳ ಜಗಲಿಯಲ್ಲಿ ಕುಳಿತಿದೆ ಎಂಬುದು ನನ್ನ ಊಹೆ.

ಮೊದಲಿಗೆ ಹುಡುಗಿಯ ಮಾತನ್ನೇ ಎತ್ತಿಕೊಳ್ಳೋಣ. ಅವಳು ಹೇಳಿದುದು ಸುಳ್ಳಲ್ಲ. 2023ರ ಮಾರ್ಚಿಯಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಕ್ರಿಕೆಟ್ ಪಂದ್ಯಗಳು ಮೊದಲಾದುವು. ಅದಕ್ಕೆ ಮುನ್ನ ನಡೆದ ಹರಾಜಿನಲ್ಲಿ ಸ್ಮೃತಿ ಮಂಧಾನಾ ಅವರನ್ನು ಬೆಂಗಳೂರಿನ ತಂಡ 3 ಕೋಟಿ 40 ಲಕ್ಷ ರೂಪಾಯಿಗಳಿಗೆ ಕೊಂಡಿತು. ಮರುವರ್ಷವೇ ಆ ತಂಡ ಪ್ರಶಸ್ತಿಯನ್ನು ಗೆದ್ದಿತು. ಆ ಮೊತ್ತವನ್ನು ಕೇಳಿದ ಮೇಲೆ 'ಹೆಣ್ಣುಮಕ್ಕಳು ಚೆಂಡಾಡಿ' ಎಂಬ ಪ್ರಶ್ನೆಯನ್ನು ಕ್ರಿಕೆಟಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಚೆಂಡುಗಳೆಲ್ಲ ಒಂದೇ ಜಾತಿಯವಲ್ಲ. ಬಾಸ್ಕೆಟ್‌ಬಾಲಿನ ಮಾತು ಬೇರೆ. ನಮ್ಮ ಕರಾವಳಿಯಲ್ಲಂತೂ ಮತ್ತೂ ಬೇರೆ.

ಈ ಆಟಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು. ಚೆಂಡು ಪುಟಿಯದಿದ್ದರೆ ಆಟವೇ ಇಲ್ಲ. ಘಟ್ಟದ ಬುಡದಲ್ಲಿ ಜೂನಿನಿಂದ ತಿಂಗಳುಗಟ್ಟಲೆ ಸುರಿಯುವ ಮಳೆಗೆ ಮುರಕಲ್ಲಿನ ಮೈದಾನ ಪಾಚಿಗಟ್ಟಿ ಜಾರುವ ಊರುಗಳಲ್ಲಿ ಅಂಥ ನೆಲವನ್ನು ಎಲ್ಲಿಂದ ತರುವುದು? ಸಿಮೆಂಟು ಹಾಸಬೇಕು, ಕಂಬ ನೆಡಬೇಕು, ಹಲಗೆ ಕಟ್ಟಬೇಕು. ಮಳೆಗಾಲದಲ್ಲಿಯೂ ಆಡಬೇಕೆಂದರೆ ಮೇಲೊಂದು ಮಾಡನ್ನು ಸಹ ಎಬ್ಬಿಸಬೇಕು. ವಾಲಿಬಾಲಿಗಾದರೋ ಎರಡು ಅಡಿಕೆಮರದ ಕಂಬ, ಒಂದು ಬಲೆ ಸಾಕು. ಕಬಡ್ಡಿಗೆ ಅದೂ ಬೇಡ. ಕೊಯ್ಲು ಮುಗಿದ ಗದ್ದೆಯಲ್ಲಿ ಬೂದಿಯಿಂದ ಗೆರೆ ಎಳೆದರೆ ಅಂಗಣ ಸಿದ್ಧ. ಹೆಂಗಸರ ಪಂದ್ಯಕ್ಕೆ 12 ಮೀಟರ್ ಉದ್ದ, 8 ಮೀಟರ್ ಅಗಲವಿದ್ದರೆ ಮುಗಿಯಿತು. ಆದುದರಿಂದಲೇ ನಮ್ಮ ಊರುಗಳ ಎತ್ತರದ ಹುಡುಗಿಯರು ವಾಲಿಬಾಲಿನತ್ತ, ಗಟ್ಟಿಮುಟ್ಟಾದವರು ಕಬಡ್ಡಿಯತ್ತ ಸಾಗುವುದು ವಾಡಿಕೆಯಾಯಿತು. ಬಾಸ್ಕೆಟ್‌ಬಾಲ್ ಪಟ್ಟಣದ ಕಾನ್ವೆಂಟು ಶಾಲೆಗಳ, ಕಾಲೇಜುಗಳ ಆಟವಾಗಿ ಉಳಿಯಿತು.

ಹಾಗೆಂದು ಗದ್ದೆಯ ಆಟದಲ್ಲಿ ಬದುಕು ಕಂಡುಕೊಂಡವರು ಇಲ್ಲವೆಂದಲ್ಲ. ನೆರಿಯಕ್ಕೆ ದೂರವಲ್ಲದ ಕಾರ್ಕಳ ತಾಲೂಕಿನ ಹೆರ್ಮುಂಡೆಯವರು ಮಮತಾ ಪೂಜಾರಿ. ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿ, ಸುರತ್ಕಲ್ಲಿನ ಗೋವಿಂದದಾಸ ಕಾಲೇಜಿನಲ್ಲಿ ಓದಿ, ಕಬಡ್ಡಿಯ ಬಲದಿಂದ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯಲ್ಲಿ ಉದ್ಯೋಗ ಪಡೆದರು. 2010ರಲ್ಲಿ ಗ್ವಾಂಗ್‌ಜೋ ನಗರದ ಏಷ್ಯನ್ ಕ್ರೀಡೆಗಳಲ್ಲಿ ಮೊತ್ತಮೊದಲ ಬಾರಿಗೆ ಮಹಿಳೆಯರ ಕಬಡ್ಡಿಯನ್ನು ಸೇರಿಸಿದಾಗ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. 2012ರ ಮಾರ್ಚಿಯಲ್ಲಿ ಪಾಟ್ನಾದಲ್ಲಿ ನಡೆದ ಮಹಿಳೆಯರ ವಿಶ್ವಕಪ್ಪಿನಲ್ಲಿ ಭಾರತದ ನಾಯಕಿಯಾಗಿ ನಿಂತು, ಅಂತಿಮ ಪಂದ್ಯದಲ್ಲಿ ಇರಾನನ್ನು 25-19ರಿಂದ ಸೋಲಿಸಿದರು. 2014ರಲ್ಲಿ ಇಂಚಿಯಾನ್‌ನಲ್ಲಿ ಮತ್ತೊಮ್ಮೆ ಏಷ್ಯನ್ ಚಿನ್ನ. ಅದೇ ವರ್ಷ ಅರ್ಜುನ ಪ್ರಶಸ್ತಿ.

ಆ 2014ರ ಅರ್ಜುನ ಪಟ್ಟಿಯನ್ನು ತಿರುವುತ್ತಿದ್ದಾಗ ನನ್ನ ಕಣ್ಣು ಇನ್ನೊಂದು ಹೆಸರಿನ ಮೇಲೆ ನಿಂತಿತು. ಬಾಸ್ಕೆಟ್‌ಬಾಲ್ ಎಂಬುದರ ಮುಂದೆ ಗೀತು ಅನ್ನಾ ಜೋಸ್ ಎಂದಿತ್ತು. ನನಗೆ ಬೇಕಾದ ಉತ್ತರದ ಬಹುಭಾಗ ಆ ಹೆಸರಿನಲ್ಲಿಯೇ ಅಡಗಿದ್ದಿತು.

ಗೀತು ಕೇರಳದ ಕೋಟ್ಟಯಂ ಸೀಮೆಯವರು, 1985ರಲ್ಲಿ ಜನಿಸಿದರು. ಆರಡಿ ಎರಡು ಅಂಗುಲದ ಎತ್ತರ. ಚಂಗನಾಶೇರಿಯಲ್ಲಿ ಓದುವಾಗಲೇ ಹೆಸರು ಮಾಡಿ ದಕ್ಷಿಣ ರೈಲ್ವೆಯನ್ನು ಸೇರಿ ಚೆನ್ನೈಗೆ ಬಂದರು. ಭಾರತ ತಂಡದ ನಾಯಕಿಯಾದರು. 2006ರಿಂದ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ರಿಂಗ್‌ವುಡ್ ಹಾಕ್ಸ್ ಎಂಬ ಕ್ಲಬ್ಬಿಗೆ ಆಡಿದರು. ಅಲ್ಲಿಯ ಕ್ಲಬ್ಬೊಂದಕ್ಕೆ ಆಡಿದ ಮೊದಲ ಭಾರತೀಯ ಮಹಿಳೆ ಅವರೇ. ಆಮೇಲೆ 2011ರ ಏಪ್ರಿಲಿನಲ್ಲಿ, ಇನ್ನೂ ಇಪ್ಪತ್ತಾರು ತುಂಬುವ ಮೊದಲೇ, ಅಮೆರಿಕಕ್ಕೆ ಹೋದರು. ಅಲ್ಲಿಯ ಮಹಿಳೆಯರ ವೃತ್ತಿಪರ ಲೀಗಿನ ಮೂರು ತಂಡಗಳು, ಎಂದರೆ ಷಿಕಾಗೋ, ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೋ ನಗರಗಳ ತಂಡಗಳು, ಅವರ ಆಟವನ್ನು ಪರೀಕ್ಷಿಸಿ ನೋಡಲೊಪ್ಪಿದ್ದುವು. ಭಾರತದ ಹೆಣ್ಣುಮಗಳೊಬ್ಬಳಿಗೆ ಅಂಥ ಕರೆ ಬಂದುದು ಅದೇ ಮೊದಲು.

ಕರಾರು ಮಾತ್ರ ಆಗಲಿಲ್ಲ. ಗೀತು ಮರಳಿ ಬಂದರು.

ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ನನ್ನ ಸ್ನೇಹಿತರು "ನೋಡಿ, ನಾನು ಹೇಳಲಿಲ್ಲವೇ" ಎಂದು ತಲೆಯಾಡಿಸುತ್ತಿದ್ದರು. ಆದರೆ ಮರಳಿ ಬಂದುದು ಎಲ್ಲಿಗೆ ಎಂಬುದನ್ನು ಕೇಳಬೇಕು. ತಿಂಗಳ ಸಂಬಳವಿರುವ ರೈಲ್ವೆಯ ಕೆಲಸಕ್ಕೆ, ಆಡಲು ತಂಡವಿರುವ ಅಂಗಣಕ್ಕೆ. ಮೂರು ವರ್ಷಗಳ ಮೇಲೆ ಅರ್ಜುನ ಪ್ರಶಸ್ತಿ ಬಂದುದು ಅಲ್ಲಿಂದಲೇ. ಒಂದೇ ವರ್ಷದ ಪಟ್ಟಿಯಲ್ಲಿ ಕಾರ್ಕಳದ ಕಬಡ್ಡಿಯೂ ಕೋಟ್ಟಯಮ್ಮಿನ ಬಾಸ್ಕೆಟ್‌ಬಾಲೂ ಕೂಡಿವೆ. ಇಬ್ಬರ ಅನ್ನದ ಬಟ್ಟಲೂ ರೈಲ್ವೆಯದೇ.

ಇನ್ನು ಗೀತು ಬಾಗಿಲು ತಟ್ಟಿದ ಆ ದೊಡ್ಡ ಮನೆಯ ಒಳಗಾದರೂ ಸಂಪತ್ತು ಸುರಿಯುತ್ತಿದ್ದಿತೇ ಎಂದು ನೋಡಿದರೆ, ಅಲ್ಲಿಯ ಕಥೆಯೂ ನಾವೆಣಿಸಿದಂತಿಲ್ಲ.

ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ 1891ರ ಚಳಿಗಾಲದಲ್ಲಿ ಈ ಆಟವನ್ನು ಹುಟ್ಟುಹಾಕಿದರು. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದ ಮೊಗಸಾಲೆಯ ಅಂಚಿಗೆ ಹೊಡೆದು ನಿಲ್ಲಿಸಿದರು. ಆ ಹತ್ತು ಅಡಿ ಇಂದಿಗೂ ಬದಲಾಗಿಲ್ಲ. ನೆರಿಯದ ಹಲಸಿನ ಮರದ ಕುಕ್ಕೆಯನ್ನು ಕಂಡಿದ್ದರೆ ಆ ಮಹಾಶಯರು ಸಂತೋಷಪಡುತ್ತಿದ್ದರು. ಅವರ ಬುಟ್ಟಿಗೆ ತಳವಿದ್ದಿತು. ಚೆಂಡು ಬಿದ್ದಾಗಲೆಲ್ಲ ಮೇಲೆ ಹತ್ತಿ ತೆಗೆಯಬೇಕಾಗುತ್ತಿದ್ದಿತು. ನಮ್ಮ ಹುಡುಗಿ ಆ ಮಟ್ಟಿಗೆ ಜಾಣೆ.

ಎರಡು ವರ್ಷ ತುಂಬುವುದರೊಳಗೆ ಸೆಂಡಾ ಬೆರೆನ್‌ಸನ್ ಎಂಬಾಕೆ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಇದನ್ನು ಕಲಿಸಿದರು. 1893ರ ಮಾರ್ಚಿಯಲ್ಲಿ ಮೊದಲ ಪಂದ್ಯ ನಡೆದಾಗ ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಹುಡುಗಿಯರು ಹೆಚ್ಚು ಓಡಿ ಬಳಲಬಾರದೆಂದು ಅಂಗಣವನ್ನು ಮೂರು ಪಾಲು ಮಾಡಿ, ತಮ್ಮ ಪಾಲಿನ ಗೆರೆಯನ್ನು ಯಾರೂ ದಾಟಬಾರದೆಂದು ವಿಧಿಸಿದ್ದರು. ಒಬ್ಬರ ಕೈಯಿಂದ ಇನ್ನೊಬ್ಬರು ಚೆಂಡು ಕಸಿಯಬಾರದು, ಅದು ಸಭ್ಯತೆಯಲ್ಲ! ಹೆಣ್ಣುಮಕ್ಕಳು ಗೆರೆ ದಾಟಿದರೆ ಏನಾಗುವುದೋ ಎಂಬ ಅಳುಕು ಪುತ್ತೂರು ಬೆಳ್ತಂಗಡಿಗಳಲ್ಲಿ ಮಾತ್ರ ಹುಟ್ಟಿದುದೆಂದು ತಿಳಿಯಬೇಕಾಗಿಲ್ಲ.

ಹಣಕ್ಕಾಗಿ ಆಡಿದ ಹೆಂಗಸರ ಕಥೆ ಮತ್ತೂ ವಿನೋದವಾಗಿದೆ. 1936ರಲ್ಲಿ ಮಿಸೂರಿ ಸಂಸ್ಥಾನದಲ್ಲಿ 'ರೆಡ್ ಹೆಡ್ಸ್' ಎಂಬ ತಂಡ ಹುಟ್ಟಿತು. ಕಟ್ಟಿದಾತನ ಹೆಂಡತಿ ಕೇಶಾಲಂಕಾರದ ಅಂಗಡಿಗಳನ್ನು ಇಟ್ಟುಕೊಂಡಿದ್ದಾಕೆ. ಅದಕ್ಕೆ ತಕ್ಕಂತೆ ಆಟಗಾರ್ತಿಯರೆಲ್ಲರೂ ಕೂದಲಿಗೆ ಕೆಂಬಣ್ಣ ಹಚ್ಚಿಕೊಳ್ಳಬೇಕಾಗಿತ್ತು. ಊರಿಂದೂರಿಗೆ ಕಾರಿನಲ್ಲಿ ತಿರುಗಿ, ಆಯಾ ಊರಿನ ಗಂಡಸರ ತಂಡಗಳೊಡನೆ, ಗಂಡಸರ ನಿಯಮಗಳಂತೆಯೇ ಆಡಿ, ಹೆಚ್ಚಾಗಿ ಗೆದ್ದು, ನಡುನಡುವೆ ಹಾಸ್ಯದ ಆಟಗಳನ್ನೂ ತೋರಿ ಜನರನ್ನು ನಗಿಸುತ್ತಿದ್ದರು. ನಮ್ಮ ಮೇಳಗಳ ತಿರುಗಾಟದಂತೆಯೇ ಅನ್ನಿ. ಐವತ್ತು ವರ್ಷ ಅದು ನಡೆಯಿತು. ಚೆಂಡಾಡುವುದೊಂದೇ ಸಾಲದು, ಕೂದಲಿನ ಬಣ್ಣವೂ ಬೇಕೆಂದು ಕೇಳಿದ ಆ ಸಂಪಾದನೆಯನ್ನು ಗೌರವದ ವೃತ್ತಿಯೆನ್ನಬೇಕೋ ಬೇಡವೋ ನಾನರಿಯೆ. ಆ ಹೆಂಗಸರ ಗಟ್ಟಿತನವನ್ನಂತೂ ಮೆಚ್ಚಲೇಬೇಕು.

ಒಲಿಂಪಿಕ್ಸಿನಲ್ಲಿ ಮಹಿಳೆಯರ ಬಾಸ್ಕೆಟ್‌ಬಾಲಿಗೆ ಸ್ಥಾನ ದೊರೆತುದು 1976ರಲ್ಲಿ. ಈಗಿರುವ ಅಮೆರಿಕದ ಮಹಿಳಾ ಲೀಗಿನ ಆಟ ಮೊದಲಾದುದು 1997ರಲ್ಲಿ. ಅದು ಬೇಸಿಗೆಯ ಕೆಲವು ತಿಂಗಳುಗಳ ಆಟ. ಉಳಿದ ತಿಂಗಳುಗಳಲ್ಲಿ ಹೆಚ್ಚಿನ ಸಂಪಾದನೆಗಾಗಿ ಆಟಗಾರ್ತಿಯರು ರಷ್ಯಾ, ತುರ್ಕಿ, ಚೀನಾಗಳಿಗೆ ಹೋಗುವುದು ಬಹುಕಾಲದ ರೂಢಿಯಾಗಿತ್ತು. ಡಯಾನಾ ಟೌರಾಸಿ ಎಂಬ ಪ್ರಖ್ಯಾತ ಆಟಗಾರ್ತಿಗೆ ರಷ್ಯಾದ ಯೆಕಟೆರಿನ್‌ಬರ್ಗ್ ನಗರದ ಕ್ಲಬ್ಬು ಸ್ವದೇಶದ ಸಂಬಳದ ಹಲವು ಪಟ್ಟು ಕೊಡುತ್ತಿದ್ದಿತು. ಅಷ್ಟೇ ಅಲ್ಲ, 2015ರಲ್ಲಿ ಆಕೆ ತಮ್ಮ ದೇಶದ ಲೀಗಿನಲ್ಲಿ ಆಡದೆ ಮನೆಯಲ್ಲಿ ವಿಶ್ರಮಿಸಲೆಂದು ಅದಕ್ಕೂ ಹಣ ಕೊಟ್ಟಿತು! ಆಡದೆ ಇರುವುದಕ್ಕೆ ಸಂಬಳ ಪಡೆದ ಆಟಗಾರ್ತಿ. ನಮ್ಮ ಕಚೇರಿಗಳಲ್ಲಿ ಅಂಥವರು ಕೆಲವರು ಇರಬಹುದು. ಅವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ.

ಅದೇ ರಷ್ಯಾದ ದಾರಿಯಲ್ಲಿ ಇನ್ನೊಬ್ಬಾಕೆಗೆ ಒದಗಿದುದನ್ನು ಕೇಳಿ. ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಬ್ರಿಟ್ನಿ ಗ್ರೈನರ್ 2022ರ ಫೆಬ್ರವರಿಯಲ್ಲಿ ಅದೇ ಕ್ಲಬ್ಬಿಗೆ ಆಡಲು ಹೊರಟು ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿದರು. ಪೆಟ್ಟಿಗೆಯಲ್ಲಿ ಗಾಂಜಾ ಎಣ್ಣೆಯ ಕೊಳವೆಗಳು ಸಿಕ್ಕಿದುವೆಂದು ಸೆರೆ ಹಿಡಿದರು. ಆಗಸ್ಟಿನಲ್ಲಿ ಒಂಬತ್ತು ವರ್ಷಗಳ ಶಿಕ್ಷೆ ವಿಧಿಸಿದರು. ಎರಡು ಸರಕಾರಗಳು ಮಾತಾಡಿ, ಅಮೆರಿಕದ ಸೆರೆಯಲ್ಲಿದ್ದ ಶಸ್ತ್ರಾಸ್ತ್ರ ವ್ಯಾಪಾರಿಯೊಬ್ಬನನ್ನು ಕೊಟ್ಟು ಡಿಸೆಂಬರಿನಲ್ಲಿ ಆಕೆಯನ್ನು ಬಿಡಿಸಿ ತಂದರು. ತಪ್ಪು ಒಪ್ಪುಗಳ ವಿಚಾರ ನನಗೆ ಬೇಡ. ತನ್ನ ದೇಶದಲ್ಲಿ ಮೇರು ಎನಿಸಿಕೊಂಡ ಆಟಗಾರ್ತಿ ಚಳಿಗಾಲದಲ್ಲಿ ರಷ್ಯಾಕ್ಕೆ ಹೊರಟುದು ಏಕೆ ಎಂಬುದಷ್ಟೇ ನನ್ನ ಪ್ರಶ್ನೆ. 2024ರಲ್ಲಿ ಆ ಲೀಗಿಗೆ ಬಂದ ಕೇಟ್ಲಿನ್ ಕ್ಲಾರ್ಕ್ ಎಂಬ ತರುಣಿಯ ಆಟ ನೋಡಲು ಕ್ರೀಡಾಂಗಣಗಳು ತುಂಬಿ ತುಳುಕಿದುವು. ಆಕೆಯ ಮೊದಲ ವರ್ಷದ ಸಂಬಳ 76,535 ಡಾಲರುಗಳು. ನಮಗದು 60 ಲಕ್ಷ ರೂಪಾಯಿಗಳಿಗೂ ಮೇಲಾಗಿ ಕಾಣುವುದು ನಿಜ. ಆದರೆ ಅದೇ ವರ್ಷ ಗಂಡಸರ ಲೀಗಿನಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಹುಡುಗನ ಸಂಬಳ ಒಂದು ಕೋಟಿ ಡಾಲರಿಗೂ ಮೀರಿದ್ದಿತು. ಆಕೆಯ ನಿಜವಾದ ಐಶ್ವರ್ಯವೆಲ್ಲ ಜಾಹೀರಾತುಗಳಿಂದ ಬಂದುದು.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಲೀಗುಗಳ ಪ್ರಯತ್ನ ನಡೆಯದಿರಲಿಲ್ಲ. 2014ರಲ್ಲಿ ಮೊದಲಾದ ಗಂಡಸರ ಪ್ರೊ ಕಬಡ್ಡಿ ಊರೂರಿನಲ್ಲಿ ಮನೆಮಾತಾಯಿತು. ಅದನ್ನು ಕಂಡು 2016ರಲ್ಲಿ ಮೂರು ತಂಡಗಳನ್ನು ಕಟ್ಟಿ ಮಹಿಳೆಯರ ಕಬಡ್ಡಿ ಚಾಲೆಂಜ್ ನಡೆಸಿದರು. ಜುಲೈ 31ರಂದು ಹೈದರಾಬಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎದುರೆದುರು ನಿಂತ ಇಬ್ಬರು ನಾಯಕಿಯರೂ ಕನ್ನಡ ನಾಡಿನವರು ಎಂಬುದು ನಮಗೆ ಹೆಮ್ಮೆಯ ಮಾತು. ತೇಜಸ್ವಿನಿ ಬಾಯಿಯವರ ತಂಡ 24 ಅಂಕ ಗಳಿಸಿತು. ನಮ್ಮ ಮಮತಾ ಪೂಜಾರಿಯವರ ತಂಡ 23. ಅಷ್ಟು ರೋಚಕವಾದ ಪಂದ್ಯವಾದ ಮೇಲೆ ಮರುವರ್ಷ ಆಟ ಇದ್ದೇ ಇರುತ್ತದೆಂದು ಎಲ್ಲರೂ ನಂಬಿದರು. ಮರುವರ್ಷ ಅದು ನಡೆಯಲಿಲ್ಲ. ಲೀಗನ್ನೇ ನೆಚ್ಚಿ ಕುಳಿತಿದ್ದರೆ ಆ ಹೆಣ್ಣುಮಕ್ಕಳ ಗತಿ ಏನಾಗುತ್ತಿತ್ತು? ಸೋಮವಾರ ಬೆಳಿಗ್ಗೆ ಹಾಜರಿ ಹಾಕಲು ಒಂದು ಕಚೇರಿ ಇದ್ದುದರಿಂದ ಬದುಕು ಅಲುಗಾಡಲಿಲ್ಲ.

ನಾನು ಕಂಡುಕೊಂಡ ಉತ್ತರ ಇದು. ಭಾರತದಲ್ಲಿ ಬಾಸ್ಕೆಟ್‌ಬಾಲಿನ ವೃತ್ತಿಪರ ಆಟಗಾರ್ತಿ ಎಂದರೆ ಬಹುಮಟ್ಟಿಗೆ ರೈಲ್ವೆಯ ನೌಕರಳು. ಇದನ್ನು ಕೆಲವರು ತಾತ್ಸಾರದಿಂದ ಹೇಳುತ್ತಾರೆ. ನಿಜವಾದ ವೃತ್ತಿ ಸಿಗದವರಿಗೆ ಸಿಕ್ಕ ಸಮಾಧಾನದ ಬಹುಮಾನ ಅದೆಂಬಂತೆ. ನನಗೆ ಹಾಗೆ ತೋರುವುದಿಲ್ಲ. ರೈಲ್ವೆಯ ಕ್ರೀಡಾ ಮಂಡಳಿ ಸ್ಥಾಪನೆಯಾದುದು 1928ರಲ್ಲಿ. ಅಮೆರಿಕದ ಕೆಂಪು ಕೂದಲಿನ ತಂಡಕ್ಕಿಂತಲೂ ಎಂಟು ವರ್ಷ ಮೊದಲು. ಮಹಿಳೆಯರ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ದಶಕಗಳಿಂದ ರೈಲ್ವೆಯದೇ ಮೇಲುಗೈ. ಶಿಬಿರಗಳಿಗೆ, ಪಂದ್ಯಗಳಿಗೆ ವಿಶೇಷ ರಜೆ ಉಂಟು. ಪದಕ ತಂದವರಿಗೆ ಸರದಿ ಮೀರಿ ಬಡ್ತಿಯೂ ಉಂಟು. ಕೇರಳದ ವಿದ್ಯುತ್ ಮಂಡಳಿಯೂ ಹೀಗೆಯೇ ಆಟಗಾರ್ತಿಯರಿಗೆ ಕೆಲಸ ಕೊಟ್ಟು ತಂಡ ಕಟ್ಟಿಕೊಂಡಿದೆ. ಮೂವತ್ತೆರಡು ಮೂವತ್ತನಾಲ್ಕಕ್ಕೆ ಕಾಲು ಸೋಲುತ್ತದೆ. ಆದರೆ ಕೆಲಸ ಅರುವತ್ತರವರೆಗೆ ಉಳಿಯುತ್ತದೆ. ಟೌರಾಸಿಯವರ ಕ್ಲಬ್ಬು ಎಷ್ಟೇ ಕೊಡಲಿ, ಇದನ್ನು ಮಾತ್ರ ಕೊಡಲಾರದು.

ಅನಿತಾ ಪಾಲ್‌ದುರೈ ಅವರನ್ನೇ ನೋಡಿ. ತಮಿಳುನಾಡಿನವರು, ದಕ್ಷಿಣ ರೈಲ್ವೆಯವರು. 2001ರಿಂದ ದೇಶಕ್ಕಾಗಿ ಆಡಿದರು. ತಾಯಿಯಾದ ಮೇಲೆ ಮರಳಿ ಅಂಗಣಕ್ಕಿಳಿದರು. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ಪಿನ ಎರಡನೆಯ ವಿಭಾಗದ ಅಂತಿಮ ಪಂದ್ಯ ನಡೆದಾಗ ಭಾರತ ತಂಡದಲ್ಲಿ ಅವರಿದ್ದರು. ಎದುರಿಗೆ ಕಜಕಸ್ತಾನ. ಭಾರತ 75, ಕಜಕಸ್ತಾನ 73. ಎರಡೇ ಅಂಕಗಳ ಅಂತರದಿಂದ ನಮ್ಮವರು ಮೊದಲನೆಯ ವಿಭಾಗಕ್ಕೇರಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಮದುವೆಯಾದರೆ ಆಟ ಮುಗಿಯಿತು ಎನ್ನುವವರಿಗೆ ಈ ಹೆಸರನ್ನು ಹೇಳಬಹುದು.

ಇನ್ನೊಂದು ದಾರಿಯೂ ಈಚೆಗೆ ತೆರೆದಿದೆ. ಬೆಂಗಳೂರಿನ ಸಂಜನಾ ರಮೇಶ್ ಈ ಆಟದ ಬಲದಿಂದಲೇ ವಿದ್ಯಾರ್ಥಿವೇತನ ಪಡೆದು 2019ರಲ್ಲಿ ಅಮೆರಿಕದ ಉತ್ತರ ಅರಿಝೋನಾ ವಿಶ್ವವಿದ್ಯಾಲಯ ಸೇರಿದರು; ಓದೂ ಆಟವೂ ಅಲ್ಲಿ ಜೊತೆಯಾಗಿ ನಡೆದುವು. ಆದರೆ ಅದು ಹದಿನೈದು ಹದಿನಾರರ ವಯಸ್ಸಿನಲ್ಲಿ ಹಿಡಿಯಬೇಕಾದ ದಾರಿ. ಇಪ್ಪತ್ತೊಂದು ತುಂಬಿದ ನೆರಿಯದ ಹುಡುಗಿಗೆ ಆ ಬಸ್ಸು ಹೊರಟುಹೋಗಿದೆ.

ಒಳ್ಳೆಯದನ್ನಷ್ಟೇ ಹೇಳಿದರೆ ಮೋಸವಾದೀತು. ಈ ಆಟದಲ್ಲಿ ಹಾರಿ ಇಳಿಯುವಾಗ, ಥಟ್ಟನೆ ತಿರುಗುವಾಗ ಮೊಣಕಾಲಿನ ಒಳಗಣ ಕಟ್ಟು ಹರಿಯುವುದುಂಟು. ಗಂಡಸರಿಗಿಂತ ಹೆಂಗಸರಲ್ಲಿ ಅದು ಹಲವು ಪಟ್ಟು ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ಶಸ್ತ್ರಚಿಕಿತ್ಸೆಯಾದರೆ ಮರಳಿ ಆಡಲು ಒಂಬತ್ತು ತಿಂಗಳೋ ಒಂದು ವರ್ಷವೋ ಬೇಕು. ಆಯ್ಕೆಗೆ ಮೊದಲು ಆ ಪೆಟ್ಟು ಬಿದ್ದರೆ ಕೆಲಸದ ಆಸೆಯನ್ನೇ ಬಿಡಬೇಕಾಗಬಹುದು. ಹೆಸರು ಬರುತ್ತದೆಂಬ ಭ್ರಮೆಯೂ ಬೇಡ. 75-73ರ ಆ ಪಂದ್ಯದ ಮರುದಿನ ನಮ್ಮೂರಿನ ಹೋಟೆಲಿನಲ್ಲಿ ಯಾರೊಬ್ಬರೂ ಅದರ ಮಾತೆತ್ತಿದುದನ್ನು ನಾನು ಕೇಳಲಿಲ್ಲ. ನಾನೇ ಎತ್ತಲಿಲ್ಲ, ನನಗೂ ತಿಳಿದಿರಲಿಲ್ಲ.

ವಯಸ್ಸಿನ ಕಟ್ಟೂ ಇದೆ. ರೈಲ್ವೆಯವರ ಇತ್ತೀಚಿನ ಪ್ರಕಟಣೆಗಳಂತೆ ಹದಿನೆಂಟರಿಂದ ಇಪ್ಪತ್ತೈದರ ಒಳಗೆ ಅರ್ಜಿ ಹಾಕಬೇಕು. ಅಂಗಣದ ಪರೀಕ್ಷೆಗೆ 40 ಅಂಕ, ಹಿಂದಿನ ಪಂದ್ಯಗಳ ಪ್ರಮಾಣಪತ್ರಗಳಿಗೆ 50, ಓದಿಗೆ 10. ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ ಕೆಳಗಿನ ಗುಮಾಸ್ತೆಯ ಮೂಲವೇತನ 19,900 ರೂಪಾಯಿ; ಸಾಧನೆ ಹೆಚ್ಚಿದ್ದರೆ ಮೇಲಿನ ಮೆಟ್ಟಿಲು, 25,500 ಅಥವಾ 29,200. ಅದರ ಮೇಲೆ ತುಟ್ಟಿಭತ್ಯೆ ಮುಂತಾದುವು. ಹದಿನೆಂಟರಿಂದ ಇಪ್ಪತ್ತೈದು ಎಂಬುದು ನಮ್ಮ ಮನೆಗಳಲ್ಲಿ ಜಾತಕ ಹೊರತೆಗೆಯುವ ಕಾಲವೂ ಹೌದು. ಸಂಬಂಧ ಈ ವರ್ಷ ತಪ್ಪಿದರೆ ಮುಂದಿನ ವರ್ಷ ಬರಬಹುದು. ರೈಲ್ವೆಯ ಪಟ್ಟಿಯಲ್ಲಿ ಬಾಸ್ಕೆಟ್‌ಬಾಲಿನ ಹೆಂಗಸರಿಗೆ ಯಾವ ವರ್ಷ ಎಷ್ಟು ಜಾಗ ಇರುವುದೋ ಹೇಳುವಂತಿಲ್ಲ. ಇದ್ದರೂ ಒಂದೋ ಎರಡೋ.

ಇದಿಷ್ಟನ್ನೂ ಒಂದು ಕಾಗದದ ಮೇಲೆ ಬರೆದುಕೊಂಡು ಮೊನ್ನೆ ಮತ್ತೆ ನೆರಿಯಕ್ಕೆ ಹೋದೆನು. ಓದಿ ಹೇಳಿದೆನು. ಸ್ನೇಹಿತರು ನಡುವೆ ಮಾತಾಡಲಿಲ್ಲ. 19,900 ಎಂದಾಗ ಹುಬ್ಬು ಕೆಳಗಿಳಿಯಿತು. ಅರುವತ್ತರವರೆಗೆ ಎಂದಾಗ ಮೇಲೇರಿತು. ಮೊಣಕಾಲಿನ ಮಾತು ಬಂದಾಗ ತಾಯಿ ಒಳಗಿನಿಂದ ಹೊರಬಂದು ಕಂಬಕ್ಕೊರಗಿ ನಿಂತರು. ಹುಡುಗಿ ಮಾತ್ರ ಅಲ್ಲಿರಲಿಲ್ಲ. ಅಂಗಳದ ಮೂಲೆಯಿಂದ ಚೆಂಡು ಪುಟಿಯುವ ಸದ್ದು, ಮತ್ತೆ ಒಂದು ಕ್ಷಣ ಮೌನ, ಮತ್ತೆ ಪುಟಿಯುವ ಸದ್ದು ಕೇಳಿಬರುತ್ತಿದ್ದಿತು.

"ಹುಡುಗನ ಕಡೆಯವರಿಗೆ ಏನು ಹೇಳುವುದು?" ಎಂದರು ಸ್ನೇಹಿತರು.

"ಇದ್ದುದನ್ನು ಹೇಳಿ. ಒಂದು ವರ್ಷ ಕಾಯುವವರಾದರೆ ಕಾಯಲಿ. ಕೆಲಸದಲ್ಲಿರುವ ಸೊಸೆ ಬೇಡವೆನ್ನುವವರು ಈಗ ಕಡಿಮೆ."

"ಸಿಕ್ಕದಿದ್ದರೆ?"

"ಸಿಕ್ಕದಿದ್ದರೆ ಪದವಿ ಇದೆ. ಮಂಗಳೂರಿನಲ್ಲಿ ಕೆಲಸ ಹುಡುಕುತ್ತಾಳೆ. ಹೋಗದೆ ಇದ್ದರೆ ಮಾತ್ರ ಮುಂದೆ ನಿಮ್ಮ ಮುಖ ನೋಡಿದಾಗಲೆಲ್ಲ ನೆನಪಾದೀತು."

ಆ ಕಡೆಯ ಮಾತನ್ನು ಆಡಬಾರದಿತ್ತೇನೋ. ಅವರು ಎದ್ದು ಅಂಗಳಕ್ಕಿಳಿದು, ಹರವಿದ ಅಡಿಕೆಯನ್ನು ಕಾಲಿನಿಂದ ತಿರುವುತ್ತ ಆಚೆ ಈಚೆ ಎರಡು ಬಾರಿ ನಡೆದರು. ನಾನು ಎಲೆಗೆ ಸುಣ್ಣ ಹಚ್ಚುತ್ತ ಕುಳಿತೆನು. ಒಂದು ಸಲ ಚೆಂಡು ಉರುಳಿ ಅಡಿಕೆಯ ಮೇಲೆ ಬಂದಿತು. ಬೈಯುವರೆಂದು ನಾನೆಣಿಸಿದೆನು. ಅವರು ಬಗ್ಗಿ ಅದನ್ನೆತ್ತಿ, ಎರಡು ಕೈಗಳಿಂದಲೂ ಅಳುಕುತ್ತ ತೂಗಿ ನೋಡಿ, ಮಗಳತ್ತ ಎಸೆದರು.

"ಮಂಗಳೂರಿನಿಂದ ಚೆನ್ನೈಗೆ ರೈಲು ಯಾವಾಗ ಮಾರಾಯ್ರೇ?"

"ಮಧ್ಯಾಹ್ನದ ಮೇಲ್ ಗಾಡಿ ಇದೆ. ಮರುದಿನ ಬೆಳಿಗ್ಗೆ ಮುಟ್ಟುತ್ತದೆ."

"ಹಾಗಾದರೆ ಎರಡು ಟಿಕೇಟು ತೆಗೆಸಬೇಕು."

"ಮೂರು" ಎಂದರು ತಾಯಿ, ಕಂಬ ಬಿಟ್ಟು ಒಳಗೆ ಹೋಗುತ್ತ. "ಅಲ್ಲಿ ಕುಚಲಕ್ಕಿ ಅನ್ನ ಸಿಕ್ಕುವುದಿಲ್ಲ. ನಾನೂ ಬರುತ್ತೇನೆ."

ಹಾಗಾದರೆ ಮೂರು ದಿನ ಅಡಿಕೆ ಕಾಯುವವರು ಯಾರೆಂದು ಸ್ನೇಹಿತರು ನನ್ನ ಕಡೆ ನೋಡಿದರು.